ಮೂರು ನಿಮಿಷ ಇಪ್ಪತ್ತು ಸೆಕೆಂಡಿನ ಅರಮನೆ

ಬೆಳಗಿನ ಐದೂವರೆ. ಲಾಸ್ ಆಲ್ಟೋಸ್‌ನ ಏಪ್ರಿಕಾಟ್ ತೋಟದಲ್ಲಿ ಇನ್ನೂ ನಸುಗತ್ತಲೆ. ಸಾಲು ಹಿಡಿದು ನಿಂತ ಮರಗಳು, ಬುಡದಲ್ಲಿ ಉತ್ತು ಬಿಟ್ಟ ಮಣ್ಣು, ಎಲೆಗಳ ಮರೆಯಲ್ಲಿ ಮೇ ತಿಂಗಳ ಹಸಿರು ಕಾಯಿ. ಒಂದು ಬದಿಗೆ ಊರಿನ ಗ್ರಂಥಾಲಯ, ಮತ್ತೊಂದು ಬದಿಗೆ ಇತಿಹಾಸ ಮ್ಯೂಸಿಯಂ, ಅಲ್ಲೇ 1905ರಲ್ಲಿ ತೋಟದ ಯಜಮಾನ ಕಟ್ಟಿಸಿಕೊಂಡ ಮರದ ಮನೆ. ಸಿಲಿಕಾನ್ ಕಣಿವೆ ಎಂಬ ಹೆಸರು ಬೀಳುವ ಮೊದಲು ಇಲ್ಲಿ ಕಣ್ಣು ಹಾಯುವಷ್ಟು ದೂರ ಹಣ್ಣಿನ ತೋಟಗಳೇ ಇದ್ದವು. ಉಳಿದ ಈ ಒಂದು ತುಂಡನ್ನು ಊರವರು ಜತನವಾಗಿ ಕಾಪಾಡಿಕೊಂಡಿದ್ದಾರೆ.

ತೋಟದ ಪಕ್ಕದ ಪಾರ್ಕಿಂಗ್ ಜಾಗಕ್ಕೆ ನಮ್ಮ ಸಿನಿಮಾ ಬಳಗದ ಕಾರುಗಳು ಒಂದೊಂದಾಗಿ ಬಂದವು. ಒಂಬತ್ತು ಸಂಸಾರ, ಮೂವತ್ತೊಂದು ಜನ. ಕೂಲರ್ ಪೆಟ್ಟಿಗೆಯಲ್ಲಿ ಮೊಸರನ್ನ, ದೊಡ್ಡ ಡಬರಿಯಲ್ಲಿ ಪುಳಿಯೋಗರೆ, ಸ್ಟೀಲ್ ಡಬ್ಬಿಗಳಲ್ಲಿ ಕೋಡುಬಳೆ, ಫ್ಲಾಸ್ಕುಗಳಲ್ಲಿ ಕಾಫಿ. ನಿದ್ದೆಗಣ್ಣಿನ ಮಕ್ಕಳು ದಿಂಬು ಸಮೇತ ಇಳಿದು, ದಿಂಬು ಸಮೇತ ಬೇರೆ ಕಾರಿಗೆ ಹತ್ತಿದರು. ಎಲ್ಲರಿಗಿಂತ ಮೊದಲು ಸಜ್ಜಾಗಿ ನಿಂತವರು ನನ್ನ ಅಮ್ಮ. ಆರು ತಿಂಗಳಿಗೆಂದು ಚಿತ್ರದುರ್ಗದಿಂದ ಬಂದವರು. ಎಪ್ಪತ್ತೆಂಟರ ವಯಸ್ಸು. ಇಳಕಲ್ ಸೀರೆ, ಅದರ ಮೇಲೆ ಮೊಮ್ಮಗನ ದಪ್ಪ ಜಾಕೆಟ್, ಕಾಲಿಗೆ ಬಿಳಿ ಬೂಟು.

"ಕೋಟೆ ನೋಡಕ್ಕೆ ಇಷ್ಟು ದೂರ ಹೋಗ್ಬೇಕಾ? ನಮ್ಮೂರಾಗೆ ಬಾಗಿಲು ತೆಗೆದ್ರೆ ಕೋಟೆ" ಅಂದರು ಅಮ್ಮ. ಅಂದರೂ ಮುಂದಿನ ಸೀಟಿನಲ್ಲೇ ಕುಳಿತರು.

ನಾವು ಹೊರಟಿದ್ದು ಸ್ಯಾನ್ ಸಿಮಿಯನ್‌ಗೆ, ಹರ್ಸ್ಟ್ ಕ್ಯಾಸಲ್ ನೋಡುವುದಕ್ಕೆ. ಲಾಸ್ ಆಲ್ಟೋಸ್‌ನಿಂದ ದಕ್ಷಿಣಕ್ಕೆ ಸುಮಾರು ಇನ್ನೂರು ಮೈಲಿ.

ಬಳಗದ ಬಗ್ಗೆ ಎರಡು ಮಾತು. ನಾವ್ಯಾರೂ ಸಿನಿಮಾ ಕಲಿತವರಲ್ಲ. ತಿಂಗಳಿಗೊಂದು ಶನಿವಾರ ಯಾರದಾದರೂ ಗ್ಯಾರೇಜಿನ ಗೋಡೆಯ ಮೇಲೆ ಒಂದು ಕನ್ನಡ ಚಿತ್ರ ನೋಡುತ್ತೇವೆ. 'ಸಂಸ್ಕಾರ' ನೋಡಿದ ರಾತ್ರಿ ಒಂದೂವರೆಯವರೆಗೆ ಮಾತಾಡಿದ್ದೇವೆ. 'ಘಟಶ್ರಾದ್ಧ' ಮುಗಿದಾಗ ಯಾರೂ ಮಾತಾಡಿರಲಿಲ್ಲ. 'ತಿಥಿ'ಯನ್ನು ಮಕ್ಕಳೇ ಕೇಳಿ ಎರಡನೇ ಸಲ ಹಾಕಿಸಿದರು. ನೋಡುತ್ತ ನೋಡುತ್ತ ತೆಗೆಯುವ ಆಸೆ ಹುಟ್ಟಿತು. ಈಗ ಪ್ರತಿ ಸಂಸಾರವೂ ವರ್ಷಕ್ಕೊಂದೆರಡು ಪುಟ್ಟ ಚಿತ್ರ ತೆಗೆಯುತ್ತದೆ. ಅಪ್ಪ ಬರೆಯುತ್ತಾನೆ, ಅಮ್ಮ ನಟಿಸುತ್ತಾಳೆ, ಮಗಳು ಕ್ಯಾಮೆರಾ ಹಿಡಿಯುತ್ತಾಳೆ. ಒಂದಾದರೂ ಕನ್ನಡ ಮಾತು ಅದರಲ್ಲಿ ಇರಲೇಬೇಕು. ಅಷ್ಟೇ ಕಟ್ಟಳೆ.

ಈ ಪ್ರಯಾಣಕ್ಕೆ ಇನ್ನೊಂದು ಕಟ್ಟಳೆ ಸೇರಿತು. ಬಳಗದ ಹಿರಿಯರೊಬ್ಬರ ಹತ್ತಿರ ಹಳೆಯ ಸೂಪರ್ 8 ಕ್ಯಾಮೆರಾ ಇದೆ. ಅದರ ಒಂದು ಕಾರ್ಟ್ರಿಜ್‌ನಲ್ಲಿ 50 ಅಡಿ ಫಿಲ್ಮು. ಸೆಕೆಂಡಿಗೆ 18 ಚಿತ್ರದಂತೆ ಓಡಿಸಿದರೆ ಮೂರು ನಿಮಿಷ ಇಪ್ಪತ್ತು ಸೆಕೆಂಡಿಗೆ ಮುಗಿದುಹೋಗುತ್ತದೆ. "ಎಲ್ಲರ ಫೋನಿನಲ್ಲೂ ಗಂಟೆಗಟ್ಟಲೆ ಜಾಗ ಇದೆ, ಅದಕ್ಕೇ ಯಾರೂ ಏನನ್ನೂ ನೋಡಲ್ಲ" ಎಂದರು ಅವರು. "ಈ ಸಲ ಒಂದು ಮನೆಗೆ ಮೂರು ನಿಮಿಷ ಇಪ್ಪತ್ತು ಸೆಕೆಂಡು. ತೆಗೆದದ್ದೆಲ್ಲ ಸೇರಿ ಅಷ್ಟೇ. ಆಮೇಲೆ ಕತ್ತರಿಸೋ ಹಾಗಿಲ್ಲ." ಮಕ್ಕಳು ಹೋ ಎಂದು ಕೂಗಿದರೂ ದೊಡ್ಡವರು ಒಪ್ಪಿದರು.

ಸಿನಿಮಾ ಹುಚ್ಚಿಗೆ ನಮ್ಮ ಸುತ್ತಲಿನ ನೆಲವೂ ಕಾರಣವಿರಬೇಕು. ನಮ್ಮ ತೋಟದಿಂದ ಐದಾರು ಮೈಲಿ ಆಚೆ, ಇವತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವಿರುವ ಜಾಗದಲ್ಲಿ, 1878ರ ಜೂನ್ ತಿಂಗಳಲ್ಲಿ ಎಡ್ವರ್ಡ್ ಮೈಬ್ರಿಜ್ ಓಟದ ಹಾದಿಯ ಉದ್ದಕ್ಕೂ 12 ಕ್ಯಾಮೆರಾ ಸಾಲಾಗಿಟ್ಟು, ಓಡುವ ಕುದುರೆಯ ನಾಲ್ಕೂ ಕಾಲು ಒಂದು ಗಳಿಗೆ ನೆಲ ಬಿಟ್ಟಿರುತ್ತವೆ ಎಂದು ತೋರಿಸಿದ. ಚಲಿಸುವ ಚಿತ್ರದ ಮೊದಲ ಹೆಜ್ಜೆಗಳಲ್ಲಿ ಅದೊಂದು. ಕೊಲ್ಲಿಯ ಆಚೆ ದಡದ ಫ್ರೀಮಾಂಟ್‌ನಲ್ಲಿ ನೈಲ್ಸ್ ಎಂಬ ಹಳೆಯ ಪೇಟೆಯಿದೆ. ಎಷ್ಟೋ ಕನ್ನಡಿಗರು ಅದರ ಸುತ್ತಮುತ್ತಲೇ ಮನೆ ಮಾಡಿದ್ದಾರೆ. 1915ರಲ್ಲಿ ಚಾರ್ಲಿ ಚಾಪ್ಲಿನ್ 'ದಿ ಟ್ರ್ಯಾಂಪ್' ತೆಗೆದದ್ದು ಆ ನೈಲ್ಸ್‌ನಲ್ಲಿ. ಆ ಚಾಪ್ಲಿನ್‌ನನ್ನು ಅವತ್ತು ಮಧ್ಯಾಹ್ನ ಮತ್ತೆ ನೋಡುವವರಿದ್ದೆವು.

ನೂರಾ ಒಂದನೇ ಹೆದ್ದಾರಿ ಹಿಡಿದೆವು. ಗಿಲ್‌ರಾಯ್ ಬಂದಾಗ ಕಿಟಕಿ ಮುಚ್ಚಿದ್ದರೂ ಬೆಳ್ಳುಳ್ಳಿಯ ವಾಸನೆ ಒಳಗೆ ಬಂತು. ಅಮ್ಮ ಮೂಗು ಅರಳಿಸಿ "ಒಗ್ಗರಣೆ ಊರು" ಅಂದರು. ಸಲಿನಾಸ್ ಕಣಿವೆಯಲ್ಲಿ ಲೆಟ್ಯೂಸ್ ಹೊಲಗಳು ಹಾಸಿ ಬಿದ್ದಿದ್ದವು. ಬೆನ್ನು ಬಗ್ಗಿಸಿದ ಕೂಲಿಯವರ ಸಾಲು ಅಷ್ಟು ಹೊತ್ತಿಗೇ ಅರ್ಧ ಹೊಲ ದಾಟಿತ್ತು. ಸ್ಯಾನ್ ಆರ್ಡೋ ಹತ್ತಿರ ತಲೆ ಎತ್ತಿ ತಗ್ಗಿಸುವ ಎಣ್ಣೆ ಪಂಪುಗಳು ಕಂಡವು. ಪ್ಯಾಸೊ ರೋಬ್ಲೆಸ್‌ನಲ್ಲಿ ದ್ರಾಕ್ಷಿ ತೋಟ. ಅಲ್ಲಿ 46ನೇ ಹೆದ್ದಾರಿ ಸಿಗುತ್ತದೆ. ಪೂರ್ವಕ್ಕೆ ತಿರುಗಿದರೆ 1955ರ ಸೆಪ್ಟೆಂಬರ್ 30ರಂದು ನಟ ಜೇಮ್ಸ್ ಡೀನ್ ಕಾರು ಅಪಘಾತದಲ್ಲಿ ಸತ್ತ ಚೊಲೇಮ್ ಕೂಡುರಸ್ತೆ. ನಾವು ಪಶ್ಚಿಮಕ್ಕೆ ತಿರುಗಿದೆವು.

ಘಟ್ಟ ಹತ್ತಿದ ಮೇಲೆ ಕಡಲು ಕಾಣಬೇಕಿತ್ತು. ಕಂಡದ್ದು ಮಂಜು. ಹಾಲು ಉಕ್ಕಿ ಒಲೆ ತುಂಬ ಹರಡಿದ ಹಾಗೆ ದಡದುದ್ದಕ್ಕೂ ಬಿಳಿ ಮಂಜು ಮಲಗಿತ್ತು. ಕ್ಯಾಂಬ್ರಿಯಾ ಊರು ಅದರೊಳಗೆ ಮುಳುಗಿಹೋಗಿತ್ತು. ಸ್ಯಾನ್ ಸಿಮಿಯನ್‌ನ ಸ್ವಾಗತ ಕಟ್ಟಡ ತಲುಪಿದಾಗ ಎದುರಿನ ಬೆಟ್ಟವಿರಲಿ, ನಮ್ಮ ಕಾರುಗಳೇ ಮಸುಕು. "ಎಲ್ಲಿ ಕೋಟೆ?" ಎಂದು ಒಂಬತ್ತು ವರ್ಷದ ಹುಡುಗ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಏನೂ ಕಾಣದ ಆ ಬಿಳುಪನ್ನೇ ಫೋನಿನಲ್ಲಿ ಎಂಟು ಸೆಕೆಂಡು ಹಿಡಿದ.

ಸ್ವಂತ ವಾಹನ ಮೇಲೆ ಹೋಗುವಂತಿಲ್ಲ. ಅಲ್ಲಿಂದ ಐದು ಮೈಲಿ ಬಸ್ಸು. ಟ್ರೈಪಾಡ್ ಒಯ್ಯುವಂತಿಲ್ಲ, ಫ್ಲ್ಯಾಶ್ ಹಾಕುವಂತಿಲ್ಲ, ತಿಂಡಿಯ ಡಬ್ಬಿ ಕೆಳಗೇ ಬಿಡಬೇಕು. ಬಸ್ಸು ತಿರುವು ತಿರುವಾಗಿ ಏರಿತು. ಮಂಜು ಕಿಟಕಿಯ ಗಾಜಿಗೆ ಅಂಟಿಕೊಂಡೇ ಬಂತು. ಅರ್ಧ ಬೆಟ್ಟ ಏರಿರಬೇಕು, ಒಂದು ತಿರುವಿನಲ್ಲಿ ಪರದೆ ಸರಿದ ಹಾಗೆ ಬಿಸಿಲು ಸುರಿಯಿತು. ಕೆಳಗೆ ಮಂಜಿನ ಬಯಲು, ಮೇಲೆ ನೀಲಿ ಆಕಾಶ. ಎರಡರ ನಡುವೆ, 1600 ಅಡಿ ಎತ್ತರದ ಗುಡ್ಡದ ನೆತ್ತಿಯಲ್ಲಿ ಎರಡು ಬಿಳಿ ಗೋಪುರಗಳು. ಬಸ್ಸಿನಲ್ಲಿದ್ದ ಮೂವತ್ತೊಂದು ಜನರ ಬಾಯಿಂದ ಒಂದೇ ಉಸಿರು ಹೊರಟಿತು. ಸಿನಿಮಾದವರು ಇಂಥದೊಂದು ಪ್ರವೇಶಕ್ಕಾಗಿ ವಾರಗಟ್ಟಲೆ ಕಾಯುತ್ತಾರೆ.

ಈ ಗುಡ್ಡವಿರುವ ನೆಲವನ್ನು ಗಣಿ ಕುಳ ಜಾರ್ಜ್ ಹರ್ಸ್ಟ್ 1865ರಲ್ಲಿ ಕೊಳ್ಳತೊಡಗಿದ. ಅವನ ಮಗ ವಿಲಿಯಂ ರ‍್ಯಾಂಡಾಲ್ಫ್ ಹರ್ಸ್ಟ್ ಪತ್ರಿಕೆಗಳ ದೊರೆಯಾದ. ಚಿಕ್ಕಂದಿನಿಂದ ಇಲ್ಲಿ ಡೇರೆ ಹಾಕಿ ಬೇಸಿಗೆ ಕಳೆಯುತ್ತಿದ್ದವನಿಗೆ ತಾಯಿ ಫೀಬಿ ತೀರಿಕೊಂಡ 1919ರಲ್ಲಿ ಆಸ್ತಿ ಕೈಗೆ ಬಂತು. ಡೇರೆಯಲ್ಲಿ ಮಲಗಿ ಸಾಕಾಗಿದೆ, ಒಂದು ಚಿಕ್ಕ ಮನೆ ಕಟ್ಟಿಕೊಡಿ ಎಂದು ವಾಸ್ತುಶಿಲ್ಪಿ ಜೂಲಿಯಾ ಮಾರ್ಗನ್ ಅವರನ್ನು ಕೇಳಿದ. ಆ ಚಿಕ್ಕ ಮನೆ ಬೆಳೆದು ಬೆಳೆದು 165 ಕೋಣೆಗಳಾಯಿತು. ಸುತ್ತ 127 ಎಕರೆ ತೋಟ, ಹಾದಿ, ಕೊಳ. 28 ವರ್ಷ ಕಟ್ಟಿದರೂ ಮುಗಿಯಲಿಲ್ಲ. ದೊಡ್ಡ ಮನೆಯ ಹಿಂಬದಿಗೆ ಹೋದರೆ ಬಣ್ಣ, ಕಲ್ಲು ಕಾಣದ ಬರಿಯ ಕಾಂಕ್ರೀಟು ಗೋಡೆ ಇವತ್ತಿಗೂ ಹಾಗೇ ನಿಂತಿದೆ. 1947ರಲ್ಲಿ ಹೃದಯದ ಕಾಯಿಲೆಯಿಂದ ಬೆಟ್ಟ ಇಳಿದ ಹರ್ಸ್ಟ್ ಮತ್ತೆ ಹತ್ತಲಿಲ್ಲ. 1951ರಲ್ಲಿ ತೀರಿಕೊಂಡ. ಮನೆಯವರು ಇದನ್ನು ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ಕೊಟ್ಟರು. 1958ರಿಂದ ಜನ ನೋಡುತ್ತಿದ್ದಾರೆ.

ಮೆಟ್ಟಿಲು ಹತ್ತಿ ಮುಂದಿನ ಅಂಗಳಕ್ಕೆ ಬಂದ ಅಮ್ಮ ಸೊಂಟಕ್ಕೆ ಕೈಯಿಟ್ಟು ಒಂದು ಸುತ್ತು ನೋಡಿದರು. "ಇದ್ಯಾವ ಕೋಟೆ? ಬತೇರಿ ಇಲ್ಲ. ಕಂದಕ ಇಲ್ಲ. ಕಾವಲು ಕಿಂಡಿ ಇಲ್ಲ. ಇದು ಅರಮನೆ ಕಣೋ."

ಅಮ್ಮ ಹೇಳಿದ್ದು ಸರಿ. ಕ್ಯಾಸಲ್ ಎಂದು ಕರೆದವರು ಜನ. ಇಲ್ಲಿ ಯಾವ ಪಾಳೆಯವೂ ಇಳಿದಿರಲಿಲ್ಲ, ಯಾರೂ ಮುತ್ತಿಗೆ ಹಾಕಿರಲಿಲ್ಲ. ಹರ್ಸ್ಟ್ ಸ್ವತಃ ಇದನ್ನು ರ‍್ಯಾಂಚ್ ಎನ್ನುತ್ತಿದ್ದ. ಗೋಪುರದ ರೂಪ ಸ್ಪೇನಿನ ರೊಂಡಾ ಎಂಬ ಊರಿನ ಚರ್ಚಿನಿಂದ ಬಂತು. ಒಳಗಿನ ಚಾವಣಿಗಳು, ಒಲೆಗಳು, ಮರದ ಪೀಠಗಳು ಯುರೋಪಿನ ಹಳೆಯ ಮಠ, ಮನೆಗಳಿಂದ ಹಡಗು ಹತ್ತಿ ಬಂದವು. ಒಂದೇ ಮನೆಯಲ್ಲಿ ಐದಾರು ದೇಶ, ನಾಲ್ಕೈದು ಶತಮಾನ. ಸಿನಿಮಾದ ಸೆಟ್ಟು ಕಟ್ಟುವವನ ಮನಸ್ಸು ಅದು. ಹರ್ಸ್ಟ್‌ಗೆ ಸ್ವಂತ ಚಿತ್ರ ಕಂಪನಿಯೂ ಇತ್ತೆಂಬುದು ನೆನಪಾದರೆ ಆಶ್ಚರ್ಯವಾಗುವುದಿಲ್ಲ.

ಆದರೆ ಆ ಮನಸ್ಸಿನ ಬಯಕೆಗಳನ್ನೆಲ್ಲ ಬೀಳದಂತೆ ನಿಲ್ಲಿಸಿದವರು ಜೂಲಿಯಾ ಮಾರ್ಗನ್. ನಮ್ಮ ಬಳಗದ ಹದಿನಾಲ್ಕರ ಹುಡುಗಿಯೊಬ್ಬಳು ಮನೆಯಿಂದ ಹೊರಡುವಾಗಲೇ ತನ್ನ ಪಾಲಿನ ಸೆಕೆಂಡುಗಳನ್ನೆಲ್ಲ ಆಕೆಗೆ ಮೀಸಲಿಟ್ಟಿದ್ದಳು. ಮಾರ್ಗನ್ ಬರ್ಕ್ಲಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದವರು. ಪ್ಯಾರಿಸ್ಸಿನ ಎಕೋಲ್ ದೆ ಬೋಜಾರ್‌ನಲ್ಲಿ ವಾಸ್ತುಶಿಲ್ಪ ಕಲಿಯಲು ಪ್ರವೇಶ ಪಡೆದ ಮೊದಲ ಹೆಂಗಸು. 1904ರಲ್ಲಿ ಕ್ಯಾಲಿಫೋರ್ನಿಯಾದ ಪರವಾನಗಿ ಪಡೆದ ಮೊದಲ ಮಹಿಳಾ ವಾಸ್ತುಶಿಲ್ಪಿ. ಅದೇ ವರ್ಷ ಓಕ್ಲೆಂಡಿನಲ್ಲಿ ಅವರು ಕಟ್ಟಿದ ಕಾಂಕ್ರೀಟಿನ ಗಂಟೆ ಗೋಪುರ 1906ರ ಭೂಕಂಪದಲ್ಲಿ ಬಿರುಕೂ ಬಿಡದೆ ನಿಂತಿತು. ಶುಕ್ರವಾರ ಸ್ಯಾನ್ ಫ್ರಾನ್ಸಿಸ್ಕೋದ ಕಚೇರಿ ಮುಗಿಸಿ ರಾತ್ರಿ ರೈಲು ಹತ್ತಿ, ಸ್ಯಾನ್ ಲೂಯಿ ಒಬಿಸ್ಪೋದಲ್ಲಿ ಇಳಿದು, ಅಲ್ಲಿಂದ ಮೋಟಾರಿನಲ್ಲಿ ಈ ಗುಡ್ಡಕ್ಕೆ. ವಾರದ ಕೊನೆಯೆಲ್ಲ ಕೆಲಸಗಾರರ ನಡುವೆ ನಿಂತು, ಮತ್ತೆ ರೈಲು ಹಿಡಿದು ಸೋಮವಾರದ ಕಚೇರಿಗೆ. ಹೀಗೆ ಐನೂರಕ್ಕೂ ಹೆಚ್ಚು ಸಲ. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ತನ್ನ ಚಿನ್ನದ ಪದಕವನ್ನು ಅವರಿಗೆ ಕೊಟ್ಟದ್ದು 2014ರಲ್ಲಿ, ಅವರು ತೀರಿಹೋಗಿ 57 ವರ್ಷಗಳಾದ ಮೇಲೆ. ಇಷ್ಟು ತಡವಾದದ್ದು ನನಗೆ ಇವತ್ತಿಗೂ ಒಪ್ಪಿತವಾಗುವುದಿಲ್ಲ.

ಅಮ್ಮನಿಗೆ ಈ ಕಥೆ ಹೇಳಿದೆ. "ಮೈಸೂರು ಅರಮನೆನೂ ಹೆಂಗಸೇ ಕಟ್ಟಿಸಿದ್ದಲ್ವಾ" ಅಂದರು. ಹೌದು. 1897ರಲ್ಲಿ ಮರದ ಅರಮನೆ ಸುಟ್ಟುಹೋದಾಗ ಮಗನ ಪರವಾಗಿ ರಾಜ್ಯ ನಡೆಸುತ್ತಿದ್ದವರು ವಾಣಿವಿಲಾಸ ಸನ್ನಿಧಾನದ ಕೆಂಪನಂಜಮ್ಮಣ್ಣಿ. ಹೆನ್ರಿ ಅರ್ವಿನ್‌ಗೆ ಹೊಸ ಅರಮನೆಯ ಕೆಲಸ ಒಪ್ಪಿಸಿದವರು ಅವರೇ. ಅದು ಮುಗಿದದ್ದು 1912ರಲ್ಲಿ. ಅದಾದ ಏಳು ವರ್ಷಕ್ಕೆ ಈ ಗುಡ್ಡದ ಮೇಲೆ ಮೊದಲ ಗುದ್ದಲಿ ಬಿತ್ತು.

ನೆಪ್ಚೂನ್ ಕೊಳದ ಎದುರು ಮಾತೆಲ್ಲ ನಿಂತಿತು. ಬಿಳಿ ಅಮೃತಶಿಲೆಯ ಕಂಬಗಳು ಎರಡೂ ಬದಿಗೆ ಅರ್ಧಚಂದ್ರಾಕಾರವಾಗಿ ನಿಂತಿವೆ, ತಲೆಯಲ್ಲಿ ರೋಮನ್ ಗುಡಿಯೊಂದರ ಮುಖಮಂಟಪ. ನಡುವೆ 104 ಅಡಿ ಉದ್ದದ ನೀರು. ಹದಿಮೂರು ಲಕ್ಷ ಲೀಟರು ಹಿಡಿಯುವ ಕೊಳ. ಗಾಳಿಯೇ ಇರಲಿಲ್ಲ, ಕಂಬಗಳ ಬಿಂಬ ಒಂದಿಷ್ಟೂ ಅಲುಗಲಿಲ್ಲ. ಆಚೆ ಅಂಚಿನ ಕೆಳಗೆ ಮಂಜಿನ ಕಡಲು. ಮತ್ತೆ ಮತ್ತೆ ಒಡೆದು ದೊಡ್ಡದು ಮಾಡಿದ ಕೊಳವಿದು. ಬರದ ಕಾಲದಲ್ಲಿ ನೀರು ಸೋರುತ್ತಿದ್ದುದರಿಂದ 2014ರಲ್ಲಿ ಬರಿದು ಮಾಡಿ, ಕಲ್ಲುಹಾಸನ್ನೆಲ್ಲ ಹೊಸದಾಗಿ ಕೂರಿಸಿ 2018ರಲ್ಲಿ ಮತ್ತೆ ತುಂಬಿದರು. ಸ್ಟ್ಯಾನ್ಲಿ ಕುಬ್ರಿಕ್‌ನ 'ಸ್ಪಾರ್ಟಕಸ್'ನಲ್ಲಿ ರೋಮನ್ ಸಿರಿವಂತ ಕ್ರಾಸಸ್‌ನ ಮನೆಯಾಗಿ ಕಾಣುವುದು ಇದೇ ಕೊಳ. ಬಳಗದವರೆಲ್ಲ ಆ ಕೋನ ಹುಡುಕುತ್ತ ಆಚೆ ಈಚೆ ಓಡಾಡಿದರು.

ಅಮ್ಮ ಮಾತ್ರ ಕಟ್ಟೆಯ ಮೇಲೆ ಬಗ್ಗಿ ನೀರು ಎಲ್ಲಿಂದ ಬರುತ್ತದೆಂದು ಹುಡುಕುತ್ತಿದ್ದರು. ಬೆಟ್ಟದ ಮೇಲಿನ ಊಟೆಗಳಿಂದ ಕೊಳವೆಯಲ್ಲಿ ಬರುತ್ತದೆ ಎಂದೆ. ಅಮ್ಮ ತಲೆಯಾಡಿಸಿ ಮೊಮ್ಮಗನ ಕಡೆ ತಿರುಗಿದರು. "ನಮ್ಮ ದುರ್ಗದಾಗೆ ಮೇಲೆ ಬಿದ್ದ ಮಳೆ ಒಂದು ಹನಿ ಪೋಲಾಗ್ತಿರ್ಲಿಲ್ಲ. ಬಂಡೆ ಮೇಲಿಂದ ಇಳಿದು ಗೋಪಾಲಸ್ವಾಮಿ ಹೊಂಡ, ಅದು ತುಂಬಿದ ಮೇಲೆ ಅಕ್ಕ ತಂಗಿ ಹೊಂಡ, ಆಮೇಲೆ ಕೆಳಗೆ ಊರಿನ ಸಿಹಿನೀರು ಹೊಂಡ. ಬೇಸಿಗೇಲಿ ಊರೆಲ್ಲ ಕುಡಿಯೋದು. ಇದು ನೋಡಕ್ಕೆ ಚೆಂದ ಐತೆ. ಅದು ಕುಡಿಯಕ್ಕೆ."

ಮಗ ಫೋನು ಎತ್ತಿದ್ದನ್ನು ನಾನು ನೋಡಲಿಲ್ಲ.

ಆಮೇಲೆ ಅಮ್ಮ ಒಂದು ಬೆಂಚಿನ ಮೇಲೆ ಕೂತು 1972ರ ಮಾತು ತೆಗೆದರು. ಮದುವೆಯಾಗಿ ಬಂದ ಹೊಸತು. ಪುಟ್ಟಣ್ಣ ಕಣಗಾಲರು 'ನಾಗರಹಾವು' ತೆಗೆಯಲು ದುರ್ಗಕ್ಕೆ ಬಂದಿದ್ದರು. ಕಥೆ ಅದೇ ಸೀಮೆಯ ತ.ರಾ.ಸು. ಅವರದು. ಅಡುಗೆ ಮುಗಿಸಿ ಓರಗಿತ್ತಿಯರ ಜೊತೆ ಬಂಡೆ ಹತ್ತಿ ನಿಂತರೆ, ದೂರದಲ್ಲಿ ಒನಕೆ ಹಿಡಿದ ಜಯಂತಿ ಓಬವ್ವನ ವೇಷದಲ್ಲಿ ಕಾಣುತ್ತಿದ್ದರಂತೆ. "ದಿನಾ ಹಾದು ಹೋಗೋ ಕಿಂಡಿ. ಪರದೆ ಮೇಲೆ ನೋಡಿದ ಮೇಲೆ ಅಲ್ಲಿ ಹೋದಾಗೆಲ್ಲ ಮೈ ಜುಂ ಅನ್ನೋದು." ಓಬವ್ವ ಒನಕೆ ಹಿಡಿದು ಆ ಕಿಂಡಿಯಲ್ಲಿ ತಡೆದಳೆನ್ನುವ ಹೈದರಾಲಿಯ ದಂಡು ದುರ್ಗವನ್ನು ಕೊನೆಗೂ ಗೆದ್ದದ್ದು 1779ರಲ್ಲಿ. ಅದಾಗಿ ಇನ್ನೂರು ವರ್ಷವಾಗುವ ಹೊತ್ತಿಗೆ ಆ ಕಲ್ಲುಗಳಿಗೆ ನಾಡಿಗೆಲ್ಲ ಕಾಣುವ ಮುಖ ಕೊಟ್ಟದ್ದು ಒಂದು ಸಿನಿಮಾ.

ಹರ್ಸ್ಟ್‌ನ ಬೆಟ್ಟಕ್ಕೂ ಒಂದು ಸಿನಿಮಾ ಮುಖವಿದೆ. ಅದು ಅವನು ಬಯಸಿದ್ದಲ್ಲ. 1941ರಲ್ಲಿ ಆರ್ಸನ್ ವೆಲ್ಸ್ ಎಂಬ ಇಪ್ಪತ್ತೈದರ ತರುಣ ತೆಗೆದ 'ಸಿಟಿಜನ್ ಕೇನ್'ನಲ್ಲಿ ಪತ್ರಿಕೆಗಳ ಒಡೆಯನೊಬ್ಬ ಜನಾಡು ಎಂಬ ಬೆಟ್ಟದರಮನೆಯಲ್ಲಿ ಒಂಟಿಯಾಗಿ ಸಾಯುತ್ತಾನೆ. ವೆಲ್ಸ್ ಜೊತೆ ಚಿತ್ರಕಥೆ ಬರೆದ ಹರ್ಮನ್ ಮ್ಯಾಂಕೀವಿಟ್ಸ್ ಈ ಮನೆಯ ಉಪ್ಪುಂಡ ಅತಿಥಿ. ಹರ್ಸ್ಟ್ ತನ್ನ ಪತ್ರಿಕೆಗಳಲ್ಲಿ ಆ ಚಿತ್ರದ ಜಾಹೀರಾತು, ಹೆಸರು ಎರಡನ್ನೂ ನಿಲ್ಲಿಸಿದ. ಆದರೂ ಚಿತ್ರ ಉಳಿಯಿತು. 2015ರ ಮಾರ್ಚ್‌ನಲ್ಲಿ, ಹರ್ಸ್ಟ್ ವಂಶದವರ ಒಪ್ಪಿಗೆಯಿಂದ, ಇದೇ ಮನೆಯೊಳಗಿನ ಚಿತ್ರಮಂದಿರದಲ್ಲಿ ಅದನ್ನು ತೋರಿಸಿದರು. ಸಿನಿಮಾ ಕಟ್ಟಿದ ಜನಾಡುವಿಗಿಂತ ನಾವು ಕಂಡ ಮನೆ ಬೆಳಕಿನದು, ಹೂವಿನದು. ವೆಲ್ಸ್‌ನ ಕತ್ತಲನ್ನು ಹುಡುಕಿಕೊಂಡು ಬಂದ ನನಗೆ ಅದು ಸಿಗಲಿಲ್ಲ.

ಊಟದ ಮನೆ ಚರ್ಚಿನಂತೆ ಎತ್ತರ. ಇಟಲಿಯ ಸಿಯೆನಾದ ರೇಷ್ಮೆ ಬಾವುಟಗಳು ಮೇಲಿನಿಂದ ತೂಗುತ್ತವೆ. ಉದ್ದನೆಯ ಮೇಜಿನ ಮೇಲೆ ಬೆಳ್ಳಿಯ ದೀಪಗಂಬ, ಅದರ ಪಕ್ಕ ಕೆಚಪ್ ಬಾಟಲಿ, ಸಾಸಿವೆ ಬಾಟಲಿ, ಕಾಗದದ ಕರವಸ್ತ್ರ. ಡೇರೆ ಕಾಲದ ರೂಢಿಯನ್ನು ಹರ್ಸ್ಟ್ ಬಿಟ್ಟಿರಲಿಲ್ಲ. ಚರ್ಚಿಲ್, ಬರ್ನಾರ್ಡ್ ಷಾ, ಗ್ರೇಟಾ ಗಾರ್ಬೊ ಎಲ್ಲರೂ ಆ ಬಾಟಲಿಗಳ ಮುಂದೆ ಕೂತು ಉಂಡಿದ್ದಾರೆ. ಮಕ್ಕಳಿಗೆ ಇಡೀ ಮನೆಯಲ್ಲಿ ತುಂಬ ಹಿಡಿಸಿದ್ದು ಆ ಕೆಚಪ್.

ನನ್ನ ಮನಸ್ಸು ಆ ಖಾಲಿ ಕುರ್ಚಿಗಳ ಮೇಲೆ ನಿಂತಿತು. ಈ ಮನೆ ಏಳುತ್ತಿದ್ದ ಕಾಲಕ್ಕೇ, 1917ರ ಕಾನೂನಿನಿಂದ ಭಾರತದವರು ಈ ದೇಶಕ್ಕೆ ಬರುವ ಬಾಗಿಲು ಮುಚ್ಚಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಭಾರತೀಯರು ಪೌರರಾಗಲು ಅರ್ಹರಲ್ಲವೆಂದಿತು. ಏಷ್ಯಾದವರ ವಿರುದ್ಧ ಜನರನ್ನು ಕೆರಳಿಸಿದ ಪತ್ರಿಕೆಗಳಲ್ಲಿ ಹರ್ಸ್ಟ್‌ನವೂ ಇದ್ದವು. ಆ ಅನ್ಯಾಯವನ್ನು 1946ರ ಕಾನೂನು ಭಾಗಶಃ ಸರಿಪಡಿಸಿತು. ಇಳಕಲ್ ಸೀರೆಯುಟ್ಟ ಅಮ್ಮ ಆ ಮೇಜಿನ ಪಕ್ಕ ನಡೆದು ಹೋಗುತ್ತಿದ್ದರು. ನನ್ನ ಪಾಲಿಗಿದ್ದ ಕೆಲವೇ ಸೆಕೆಂಡುಗಳಲ್ಲಿ ಹನ್ನೆರಡನ್ನು ಆ ನಡಿಗೆಗೆ ಕೊಟ್ಟೆ.

ಕೊನೆಗೆ ಚಿತ್ರಮಂದಿರ. ಸುಮಾರು ಐವತ್ತು ಆಸನ, ಕೆಂಪು ರೇಷ್ಮೆಯ ಗೋಡೆ, ದೀಪ ಹಿಡಿದ ಹೆಣ್ಣು ಶಿಲ್ಪಗಳು. ರಾತ್ರಿ ಊಟವಾದ ಮೇಲೆ ಅತಿಥಿಗಳೆಲ್ಲ ಇಲ್ಲಿ ಸೇರಿ ಸಿನಿಮಾ ನೋಡಬೇಕೆಂಬುದು ಆ ಮನೆಯ ಪದ್ಧತಿ. ದೀಪ ಆರಿತು. ಪರದೆಯ ಮೇಲೆ ಬಂದದ್ದು ಈ ಮನೆಯಲ್ಲೇ ತೆಗೆದ ಮನೆಚಿತ್ರಗಳ ತುಣುಕು. ಕಪ್ಪು ಬಿಳುಪು, ಸದ್ದಿಲ್ಲ, ಅಲುಗಾಟ. ಕೊಳದ ಬಳಿ ನಗುವವರು, ಟೆನಿಸ್ ಆಡುವವರು, ಕ್ಯಾಮೆರಾ ಕಂಡು ಮುಖ ತಿರುಗಿಸುವವರು. ಅಗೋ ಚಾಪ್ಲಿನ್! ನೈಲ್ಸ್‌ನ ಚಾಪ್ಲಿನ್, ಮೀಸೆಯಿಲ್ಲದ ಚೆಲುವ, ಗೆಳೆಯರ ಮುಂದೆ ಚೇಷ್ಟೆ ಮಾಡುತ್ತಿದ್ದ. ಮಕ್ಕಳು ಚಪ್ಪಾಳೆ ತಟ್ಟಿದರು.

ಗೋಪುರಗಳು ಏಳುವ ಮೊದಲೇ, 1920ರ ಆಸುಪಾಸಿನಲ್ಲಿ, ಹರ್ಸ್ಟ್ ಇಲ್ಲಿ ಹೆಂಡತಿ, ನೆಂಟರಿಷ್ಟರನ್ನೇ ಪಾತ್ರಧಾರಿಗಳನ್ನಾಗಿ ಮಾಡಿ 'ದಿ ಲೈಟ್‌ಹೌಸ್ ಕೀಪರ್ಸ್ ಡಾಟರ್' ಎಂಬ ಮೂಕಿ ಚಿತ್ರ ತೆಗೆದಿದ್ದ. ತಾನೇ ನಾಯಕ. ಕೊಡಾಕ್ ಕಂಪನಿ ಮನೆಮಂದಿಗೆಂದು 16 ಮಿಲಿಮೀಟರಿನ ಕ್ಯಾಮೆರಾ ಹೊರತಂದದ್ದು 1923ರಲ್ಲಿ. ಅದಕ್ಕೂ ಮೊದಲಿನ ಹವ್ಯಾಸಿ ಚಿತ್ರ ಇದು. ನಮ್ಮ ಗ್ಯಾರೇಜಿನ ಕೆಲಸಕ್ಕೂ ಅದಕ್ಕೂ ಹಣದ ಅಂತರವಿದೆ. ಆಸೆಯಲ್ಲಿ ಅಂತರ ಕಾಣೆ. ಆ ಚಿತ್ರ ಇವತ್ತಿಗೂ ಉಳಿದಿದೆ.

ಕತ್ತಲಲ್ಲಿ ಕೂತು ನನಗೆ 'ಸತಿ ಸುಲೋಚನ' ನೆನಪಾಯಿತು. 1934ರ ಮಾರ್ಚ್ 3ರಂದು ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್, ತ್ರಿಪುರಾಂಬ ಅಭಿನಯ. ಕೊಲ್ಹಾಪುರದ ಸ್ಟುಡಿಯೋದಲ್ಲಿ ತೆಗೆದು ತಂದರು. ಅದರ ಒಂದು ಪ್ರತಿಯೂ ಇವತ್ತು ಇಲ್ಲ. ಕನ್ನಡ ಪರದೆಯ ಮೇಲೆ ಮೊದಲು ಕೇಳಿದ ದನಿಯನ್ನು ಇನ್ನು ಯಾರೂ ಕೇಳುವಂತಿಲ್ಲ. ಸಿರಿವಂತನೊಬ್ಬ ಬೇಸಿಗೆಯ ಬಿಡುವಿನಲ್ಲಿ ಆಡಿದ ಆಟ ಉಳಿದಿದೆ, ಒಂದು ಭಾಷೆಯ ಮೊದಲ ಮಾತಿನ ಚಿತ್ರ ಉಳಿದಿಲ್ಲ. ಉಳಿದದ್ದು ಮೇಲೆಂದೇನೂ ಅಲ್ಲ. ಅದನ್ನು ಯಾರೋ ಎತ್ತಿಟ್ಟರು, ಇದನ್ನು ಯಾರೂ ಎತ್ತಿಡಲಿಲ್ಲ.

ದೀಪ ಹತ್ತಿತು. ಅಮ್ಮ ಪಿಸುದನಿಯಲ್ಲಿ ಕೇಳಿದರು: "ಚಾಪ್ಲಿನ್ ಗೊತ್ತಾಯ್ತು. ಹಿಂದೆ ತಟ್ಟೆ ಹಿಡ್ಕಂಡು ನಿಂತಿದ್ನಲ್ಲ, ಆ ಹುಡುಗನ ಹೆಸರು ಬರೆದಿಟ್ಟವ್ರಾ?" ನನ್ನ ಹತ್ತಿರ ಉತ್ತರವಿರಲಿಲ್ಲ.

ಕೆಳಗಿಳಿದಾಗ ಮಂಜು ಕರಗಿತ್ತು. ಹೆದ್ದಾರಿ ದಾಟಿ ಸ್ಯಾನ್ ಸಿಮಿಯನ್‌ನ ಕಡಲ ದಂಡೆಯಲ್ಲಿ, ಮರದ ಹಳೆಯ ಕಟ್ಟೆಸೇತುವೆಯ ಹತ್ತಿರ, ನೀಲಗಿರಿ ಮರಗಳ ನೆರಳಲ್ಲಿ ಡಬ್ಬಿಗಳು ತೆರೆದವು. ಪುಳಿಯೋಗರೆಯ ಹುಳಿ, ಕಡಲಿನ ಉಪ್ಪು ಗಾಳಿ. ಊಟದ ನಡುವೆ ಯಾರೋ ಕೂಗಿ ತೋರಿಸಿದರು: ಬೇಲಿಯಾಚೆಯ ಹುಲ್ಲುಗಾವಲಿನಲ್ಲಿ ಹಸುಗಳ ಜೊತೆ ಜೀಬ್ರಾಗಳು ಮೇಯುತ್ತಿದ್ದವು. ಹರ್ಸ್ಟ್‌ನ ಖಾಸಗಿ ಮೃಗಾಲಯ ಸಾಲದ ಹೊರೆಯಲ್ಲಿ 1937ರಲ್ಲಿ ಮುಚ್ಚತೊಡಗಿತು. ಉಳಿದ ಜೀಬ್ರಾಗಳ ಮರಿಮಕ್ಕಳು ಇವು. ಅಲ್ಲಿಂದ ಉತ್ತರಕ್ಕೆ ನಾಲ್ಕೈದು ಮೈಲಿ ಹೋಗಿ ಪಿಯೆದ್ರಾಸ್ ಬ್ಲಾಂಕಾಸ್ ದಂಡೆಯಲ್ಲಿ ಆನೆ ಸೀಲುಗಳನ್ನೂ ನೋಡಿದೆವು. ಮೇ ತಿಂಗಳು ಅವು ತೊಗಲು ಕಳಚುವ ಕಾಲ. ಹರಿದ ಕಂಬಳಿ ಹೊದ್ದವರ ಹಾಗೆ ಒಂದರ ಮೈಗೊಂದು ಒರಗಿ, ಮರಳನ್ನು ಬೆನ್ನಿಗೆ ಎರಚಿಕೊಳ್ಳುತ್ತ ಮಲಗಿದ್ದವು. ಮನೆ ಸೇರಿದಾಗ ರಾತ್ರಿ ಹತ್ತು ದಾಟಿತ್ತು.

ಎರಡು ವಾರ ಕಳೆದು ಲಾಸ್ ಆಲ್ಟೋಸ್‌ನ ಹಿತ್ತಲೊಂದರಲ್ಲಿ, ನಿಂಬೆ ಮರಕ್ಕೂ ಬೇಲಿಗೂ ಕಟ್ಟಿದ ಬಿಳಿ ಪಂಚೆಯ ಮೇಲೆ, ಒಂಬತ್ತು ಚಿತ್ರಗಳು ಓಡಿದವು. ಎಲ್ಲ ಸೇರಿ ಅರ್ಧ ಗಂಟೆ. ಒಂದರಲ್ಲಿ ಬರೀ ಮಂಜು. ಒಂದರಲ್ಲಿ ಕೆಚಪ್ ಬಾಟಲಿ ಚರ್ಚಿಲ್‌ಗೆ ಕಥೆ ಹೇಳುತ್ತದೆ. ಹದಿನಾಲ್ಕರ ಹುಡುಗಿಯ ಚಿತ್ರದಲ್ಲಿ ಜೂಲಿಯಾ ಮಾರ್ಗನ್ ಕಾಣುವುದೇ ಇಲ್ಲ. ಮೆಟ್ಟಿಲು ಹತ್ತುವ ಒಂದು ಜೊತೆ ಕಾಲು, ಕಾಂಕ್ರೀಟು ಗೋಡೆಯನ್ನು ಅಳೆಯುವ ನೆರಳು, ಕೊನೆಗೆ ಕತ್ತಲಲ್ಲಿ ರೈಲಿನ ಸದ್ದು. ಒಂಬತ್ತರಲ್ಲಿ ಅದೇ ಮೇಲು ಎಂದು ನನ್ನ ತೀರ್ಮಾನ.

ನಮ್ಮ ಮನೆಯದು ಕೊನೆಯದಾಗಿ ಬಂತು. ನಾನು ತೆಗೆದ ಅಮ್ಮನ ನಡಿಗೆ ಮುಗಿದ ಮೇಲೆ, ನಾನು ಅರಿಯದೆ ಮಗ ಹಿಡಿದದ್ದು. ಹಿಂದೆ ರೋಮನ್ ಕಂಬಗಳು, ಮುಂದೆ ಅಮ್ಮನ ಮುಖ. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ, ಸಿಹಿನೀರು ಹೊಂಡ. ದುರ್ಗದ ಮಾತು ದುರ್ಗದ ರಾಗದಲ್ಲೇ ಹಿತ್ತಲು ತುಂಬಿತು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ತಮ್ಮನ್ನೇ ನೋಡುತ್ತಿದ್ದರು. ನೋಡುತ್ತಲೇ "ನಿಮ್ಮಪ್ಪಂದೂ ಒಂದು ಇತ್ತು" ಅಂದರು.

ಇತ್ತು. 1994ರಲ್ಲಿ ತಂಗಿಯ ಮದುವೆಗೆ ತೆಗೆಸಿದ ವಿಎಚ್‌ಎಸ್ ಕ್ಯಾಸೆಟ್ಟು. ಅಪ್ಪ ಮಾತಾಡುವುದು ಅದೊಂದರಲ್ಲೇ. ಅಟ್ಟದ ಟ್ರಂಕಿನಲ್ಲಿ ಹದಿನೆಂಟು ಮಳೆಗಾಲ ಕಳೆಯಿತು. ಅಪ್ಪ ಹೋದ ಮೇಲೆ ತೆಗೆದು ನೋಡಿದರೆ ಟೇಪಿನ ತುಂಬ ಬಿಳಿ ಬೂಷ್ಟು. ಮೂರು ಗಂಟೆಯ ಮದುವೆಯಲ್ಲಿ ನಾಲ್ಕು ನಿಮಿಷ ಮಾತ್ರ ಉಳಿಸಿಕೊಳ್ಳಲಾಯಿತು. ಆ ನಾಲ್ಕು ನಿಮಿಷದಲ್ಲಿ ಅಪ್ಪ ಇಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ಅಂಥದೊಂದು ಕ್ಯಾಸೆಟ್ಟೋ ರೀಲೋ ಇರಬಹುದು. ಈ ಸಲ ಊರಿಗೆ ಹೋದಾಗ ಮಳೆ ಹಿಡಿಯುವ ಮೊದಲು ಅದನ್ನು ಕೆಳಗಿಳಿಸಿ. ಬೂಷ್ಟು ಕಂಡರೆ ಪ್ಲೇಯರಿಗೆ ಹಾಕಬೇಡಿ, ಬಲ್ಲವರ ಕೈಗೆ ಕೊಡಿ. ಡಿಜಿಟಲ್ ಮಾಡಿಸಿ ಎರಡು ಮನೆಯಲ್ಲಿ ಎರಡು ಪ್ರತಿ ಇಡಿ. ಹಿರಿಯರು ಇದ್ದಾಗಲೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ, ಹಿಂದೆ ತಟ್ಟೆ ಹಿಡಿದು ನಿಂತ ಹುಡುಗನೂ ಸೇರಿದಂತೆ ಅದರಲ್ಲಿರುವ ಪ್ರತಿಯೊಬ್ಬರ ಹೆಸರನ್ನೂ ಕೇಳಿ ಬರೆದಿಡಿ.